ಮನೆಯೊಳಗಿನ ವಚನಪಠನವೂ ಮಕ್ಕಳ ಬೆಳವಣಿಗೆಯೂ: ಬೀದರ ಸೀಮೆಯ ಇತಿಹಾಸದಿಂದ

ಮಠಗಳ ಮಹೋತ್ಸವಕಾಲದಲ್ಲಿ ಹೊರಡುವ ಸ್ಮರಣಗ್ರಂಥಗಳಲ್ಲಿ ಗುರುಪರಂಪರೆಯ ಚರಿತ್ರೆಯೂ, ದಾನಿಗಳ ನಾಮಾವಳಿಯೂ, ಕಟ್ಟಿಸಿದ ಕಟ್ಟಡಗಳ ವಿವರವೂ ಬರುವದು ವಾಡಿಕೆಯಾಗಿರುವದು. ಇವೆಲ್ಲವೂ ಬೇಕಾದವುಗಳೇ ಸರಿ. ಆದರೆ ಮಠದ ಲೆಕ್ಕದ ಪುಸ್ತಕದಲ್ಲಿ ಬರೆಯಲ್ಪಡದ, ಶಿಲಾಶಾಸನದಲ್ಲಿ ಕೊರೆಯಲ್ಪಡದ ಇನ್ನೊಂದು ಚರಿತ್ರೆಯುಂಟು. ಸಂಜೆಯ ದೀಪ ಹಚ್ಚಿದ ತರುವಾಯ ಭಕ್ತರ ಮನೆಯ ಪಡಸಾಲೆಯಲ್ಲಿ ಹಿರಿಯರೊಬ್ಬರು ಓದುತ್ತ, ಮಕ್ಕಳು ಕೇಳುತ್ತ, ತಲೆಮಾರಿನಿಂದ ತಲೆಮಾರಿಗೆ ನಡೆದುಬಂದ ಓದಿನ ಚರಿತ್ರೆಯೇ ಅದು. ಮಠವು ದೊಡ್ಡ ದೀಪವಾದರೆ ಮನೆಗಳು ಅದರಿಂದ ಹೊತ್ತಿಸಿಕೊಂಡ ಹಣತೆಗಳು. ದೊಡ್ಡ ದೀಪಕ್ಕೆ ಗಾಳಿ ಬಡಿದ ಕಾಲದಲ್ಲಿ ಈ ಹಣತೆಗಳೇ ಬೆಳಕನ್ನು ಉಳಿಸಿಕೊಟ್ಟವು ಎಂಬುದನ್ನು ನಮ್ಮ ಸೀಮೆಯ ಇತಿಹಾಸವು ಸಾರಿ ಹೇಳುತ್ತಿರುವದು.

ಹಲಬರ್ಗಾ ಗ್ರಾಮವು ಭಾಲ್ಕಿ ತಾಲೂಕಿನದು. ಬೀದರದಿಂದ ಭಾಲ್ಕಿ, ಕಮಲನಗರಗಳ ಮೇಲೆ ಹಾಯ್ದು ಊದಗೀರದ ಕಡೆಗೆ ಹೋಗುವ ರೈಲಿನ ಹಾದಿಯಲ್ಲಿರುವದು. ಶರಣರ ಕಲ್ಯಾಣವು ಇದೇ ಜಿಲ್ಲೆಯಲ್ಲಿ ಇರುವದು. ಇಲ್ಲಿ ಹುಟ್ಟಿದ ಕೂಸಿನ ಕಿವಿಗೆ ಕನ್ನಡ, ಮರಾಠಿ, ಉರ್ದು ಈ ಮೂರು ನುಡಿಗಳೂ ಒಟ್ಟಿಗೆ ಬೀಳುವವು. ಇಂಥ ಗಡಿನಾಡಿನಲ್ಲಿ ಮಕ್ಕಳಿಗೆ ಧರ್ಮಶ್ರದ್ಧೆಯನ್ನೂ, ತಾಯಿನುಡಿಯನ್ನೂ, ತಮ್ಮ ತಮ್ಮ ಸ್ವಂತ ಶಕ್ತಿಯ ಅರಿವನ್ನೂ ಮನೆಯ ಓದು ಹೇಗೆ ಕೊಟ್ಟಿತು, ಎಲ್ಲಿ ಕೊಡದೆ ಹೋಯಿತು, ಮುಂದೆ ಹೇಗೆ ಕೊಡಬೇಕಾಗಿರುವದು ಎಂಬುದನ್ನು ವಿಚಾರಿಸುವದೇ ಈ ಲೇಖನದ ಉದ್ದೇಶವು.

ಶರಣರ ಚರಿತ್ರೆಯಲ್ಲಿ ಮಕ್ಕಳು

ಮಕ್ಕಳ ವಿಷಯದಲ್ಲಿ ನಮ್ಮ ಪೂರ್ವಿಕರ ಭಾವನೆಯು ಎಂಥದಿತ್ತೆಂಬುದನ್ನು ತಿಳಿಯಲಿಕ್ಕೆ ಅವರ ಕಥೆಗಳನ್ನೇ ನೋಡತಕ್ಕದ್ದು. ಹರಿಹರ ಕವಿಯು ಬಸವಣ್ಣನವರ ಚರಿತ್ರೆಯನ್ನು ರಗಳೆಯಲ್ಲಿ ಹೇಳಿದಂತೆಯೇ ಕೋಳೂರಿನ ಒಂದು ಪುಟ್ಟ ಹುಡುಗಿಯ ಚರಿತ್ರೆಯನ್ನೂ ರಗಳೆಯಲ್ಲಿ ಹೇಳಿರುವನು. ತಂದೆತಾಯಿಗಳು ಊರಿಗೆ ಹೋಗುವಾಗ ದೇವರಿಗೆ ಹಾಲು ಕುಡಿಸಿ ಬರುವ ಕೆಲಸವನ್ನು ಮಗಳಿಗೆ ಒಪ್ಪಿಸುವರು. ನೈವೇದ್ಯವೆಂದರೆ ತೋರಿಸಿ ತರುವದು ಎಂಬ ದೊಡ್ಡವರ ಒಳಗುಟ್ಟು ಆ ಕೂಸಿಗೆ ಗೊತ್ತಿಲ್ಲ. ಕುಡಿಸೆಂದರೆ ಕುಡಿಸಲೇಬೇಕೆಂದು ಅದು ನಂಬಿತು. ದೇವರು ಕುಡಿಯದಿದ್ದಾಗ ಅತ್ತು, ಕಾಡಿ, ಬೇಡಿ, ಕೊನೆಗೆ ಕುಡಿಸಿಯೇ ಬಂದಿತು. ತಿರುಗಿ ಬಂದ ತಂದೆತಾಯಿಗಳು ಅದನ್ನು ನಂಬದೆ ಹೋದರು. ಕವಿಯು ಇಲ್ಲಿ ಯಾರ ಪಕ್ಷವನ್ನು ವಹಿಸಿರುವನೆಂಬುದನ್ನು ವಾಚಕರು ಚನ್ನಾಗಿ ನೆನಪಿನಲ್ಲಿಡಬೇಕು. ಮಗುವಿನ ಶ್ರದ್ಧೆಯು ದೊಡ್ಡವರು ಕಲಿಸಿದ ಪಾಠದ ಪ್ರತಿಯಾಗಿರದೆ ದೊಡ್ಡವರು ಮರೆತುಹೋದ ಮೂಲಪಾಠವೇ ಆಗಿರುವದೆಂದು ಹರಿಹರನು ತೋರಿಸಿಕೊಟ್ಟಿರುವನು.

ಎರಡನೆಯದು ಸೊನ್ನಲಿಗೆಯ ಸಿದ್ಧರಾಮನ ಚರಿತ್ರೆಯು. ರಾಘವಾಂಕನು ಇದನ್ನು ಸಿದ್ಧರಾಮಚಾರಿತ್ರದಲ್ಲಿ ವಿಸ್ತಾರವಾಗಿ ಹೇಳಿರುವನು. ಮುದ್ದುಗೌಡ ಸುಗ್ಗವ್ವೆಯರ ಮಗನಾದ ಈ ಬಾಲಕನು ಉಳಿದ ಹುಡುಗರಂತೆ ಚುರುಕಾಗಿರಲಿಲ್ಲ. ಮಾತು ಕಡಿಮೆ, ಆಟ ಕಡಿಮೆ. ಮನೆಯವರು ಅವನನ್ನು ಮಂದನೆಂದು ಬಗೆದು ದನ ಕಾಯಲಿಕ್ಕೆ ಕಳಿಸಿದರು. ಹೊಲದಲ್ಲಿ ಜಂಗಮನ ರೂಪದಿಂದ ಬಂದ ಮಲ್ಲಯ್ಯನು ಹಸಿವೆಂದು ಕೇಳಿದಾಗ ಆ ಬಾಲಕನು ಉಣಿಸನ್ನು ತರಲು ಮನೆಗೆ ಓಡಿದನು. ತಿರುಗಿ ಬರುವಷ್ಟರಲ್ಲಿ ಮಲ್ಲಯ್ಯನು ಕಾಣದಾದನು. ಆಗ ಅವನು ಅಳುತ್ತ, ಕೂಗುತ್ತ, ಶ್ರೀಶೈಲದ ವರೆಗೂ ಹುಡುಕಿಕೊಂಡು ಹೋದನು. ಮಂದನೆನಿಸಿಕೊಂಡ ಆ ಬಾಲಕನೇ ಮುಂದೆ ಸೊನ್ನಲಿಗೆಯಲ್ಲಿ ಕೆರೆಯನ್ನು ಕಟ್ಟಿಸಿ, ಗುಡಿಗಳನ್ನು ಎತ್ತಿಸಿ, ನಾಡಿಗೆ ನೀರನ್ನೂ ನೆರಳನ್ನೂ ಕೊಟ್ಟ ಮಹಾಪುರುಷನಾದನು. ಈತನಲ್ಲಿ ಶಕ್ತಿಯು ಮೊದಲಿನಿಂದಲೂ ಇದ್ದಿತು. ಅದು ಮಾತಿನ ರೂಪದಲ್ಲಿರದೆ ಕೈಯ ರೂಪದಲ್ಲಿಯೂ ಮಮತೆಯ ರೂಪದಲ್ಲಿಯೂ ಇದ್ದುದರಿಂದ ಮನೆಯವರ ಕಣ್ಣಿಗೆ ಬೀಳಲಿಲ್ಲ.

ಮೂರನೆಯವರು ಚನ್ನಬಸವಣ್ಣನವರು. ಇವರು ಬಸವಣ್ಣನವರ ಅಕ್ಕನಾದ ನಾಗಲಾಂಬಿಕೆಯ ಮಗನು. ಸೋದರಮಾವನ ಮನೆಯಲ್ಲಿ ಅನುಭಾವದ ಮಾತುಗಳನ್ನು ಕೇಳುತ್ತಲೇ ಬೆಳೆದವರು. ಎಳೆಯ ವಯಸ್ಸಿನಲ್ಲಿಯೇ ಷಟ್‌ಸ್ಥಲಶಾಸ್ತ್ರವನ್ನು ವ್ಯವಸ್ಥೆಗೊಳಿಸಿದ ಕೀರ್ತಿಯು ಇವರದೆಂದು ಪರಂಪರೆಯು ಹೇಳುವದು. ವಯಸ್ಸಿನಲ್ಲಿ ಎಷ್ಟೋ ಹಿರಿಯರಾದ ಶರಣರು ಈ ಕಿರಿಯನಿಂದ ಕೇಳಿ ತಿಳಿದುಕೊಳ್ಳಲು ನಾಚಲಿಲ್ಲ.

ಈ ಮೂರು ಚರಿತ್ರೆಗಳನ್ನು ಒಂದೆಡೆಯಲ್ಲಿಟ್ಟು ನೋಡಿದರೆ ಒಂದು ತತ್ವವು ಸ್ಪಷ್ಟವಾಗುವದು. ಕೋಳೂರಿನ ಹುಡುಗಿಯದು ಮುಗ್ಧಶ್ರದ್ಧೆ, ಸಿದ್ಧರಾಮನದು ಕೃತಿಶಕ್ತಿ, ಚನ್ನಬಸವಣ್ಣನವರದು ಜ್ಞಾನಶಕ್ತಿ. ಒಬ್ಬರನ್ನು ಇನ್ನೊಬ್ಬರಂತೆ ಮಾಡಲು ಯಾರೂ ಹೋಗಲಿಲ್ಲ. ಶರಣಧರ್ಮದ ವೈಶಿಷ್ಟ್ಯವು ಇದರಲ್ಲಿಯೇ ಅಡಗಿರುವದು.

ಅಂಕಿತದ ಅರ್ಥವು

ವಚನಗಳನ್ನು ಓದುವವರೆಲ್ಲರಿಗೂ ಅಂಕಿತವೆಂಬುದು ಗೊತ್ತಿರುವದು. ಬಸವಣ್ಣನವರದು ಕೂಡಲಸಂಗಮದೇವ, ಅಲ್ಲಮಪ್ರಭುದೇವರದು ಗುಹೇಶ್ವರ, ಅಕ್ಕಮಹಾದೇವಿಯದು ಚನ್ನಮಲ್ಲಿಕಾರ್ಜುನ, ಸಿದ್ಧರಾಮನದು ಕಪಿಲಸಿದ್ಧಮಲ್ಲಿಕಾರ್ಜುನ, ದೇವರ ದಾಸಿಮಯ್ಯನದು ರಾಮನಾಥ. ಅಂಬಿಗರ ಚೌಡಯ್ಯನಂತೂ ತನ್ನ ಹೆಸರನ್ನೇ ಅಂಕಿತವಾಗಿ ಇಟ್ಟುಕೊಂಡನು. ಪೂಜಿಸುವ ವಸ್ತುವು ಒಂದೇ ಆಗಿರಲು ಇಷ್ಟೊಂದು ಅಂಕಿತಗಳೇಕೆ? ಎಲ್ಲರೂ ಬಸವಣ್ಣನವರ ಅಂಕಿತವನ್ನೇ ಹಚ್ಚಿಕೊಳ್ಳಬಹುದಾಗಿತ್ತಲ್ಲವೆ? ಆದರೆ ಯಾರೂ ಹಾಗೆ ಮಾಡಲಿಲ್ಲ. ಮಾಡೆಂದು ಬಸವಣ್ಣನವರೂ ಹೇಳಲಿಲ್ಲ. ಮಡಿವಾಳನು ಮಡಿವಾಳನಾಗಿ, ಅಂಬಿಗನು ಅಂಬಿಗನಾಗಿ, ಹಗ್ಗ ಹೊಸೆಯುವವನು ಹಗ್ಗ ಹೊಸೆಯುವವನಾಗಿಯೇ ತನ್ನ ಕಾಯಕದ ನುಡಿಯಲ್ಲಿ ಮಾತಾಡಿ, ಕೊನೆಯಲ್ಲಿ ತನ್ನದೇ ಮುದ್ರೆಯನ್ನು ಒತ್ತಿದನು. ಮೂವತ್ತಕ್ಕೂ ಹೆಚ್ಚು ಶರಣೆಯರ ವಚನಗಳು ನಮಗೆ ದೊರೆತಿರುವವು. ಅವರಲ್ಲಿ ಆಯ್ದಕ್ಕಿ ಲಕ್ಕಮ್ಮನಂಥ ಕಾಯಕದ ಹೆಂಗಸರೂ ಇರುವರು. ವಚನವೆಂಬುದು ಎಲ್ಲರಿಗೂ ಸೇರಿದ ಮಾತು. ಅಂಕಿತವೆಂಬುದು ಒಬ್ಬೊಬ್ಬರ ಸ್ವಂತ ಗುರುತು.

ಮನೆಯಲ್ಲಿ ಮಕ್ಕಳಿಗೆ ವಚನವನ್ನು ಓದಿ ಹೇಳುವಾಗ ಕೊನೆಗೆ ಮುಟ್ಟಬೇಕಾದ ಸ್ಥಳವು ಇದೇ ಎಂದು ನಮ್ಮ ಅಭಿಪ್ರಾಯವು. ಹಿರಿಯರ ಮಾತನ್ನು ಬಾಯಿಪಾಠ ಮಾಡಿಸುವದು ಮೊದಲನೆಯ ಮೆಟ್ಟಲು ಮಾತ್ರ. ಆ ಮಾತನ್ನು ಕೇಳಿ ಕೇಳಿ ಮಗುವು ತನ್ನ ಅಂಕಿತವನ್ನು, ಅಂದರೆ ಶಿವನು ತನಗೆ ಮಾತ್ರ ಕೊಟ್ಟಿರುವ ಶಕ್ತಿಯನ್ನು, ತಾನೇ ಗುರುತಿಸಿಕೊಳ್ಳುವಂತಾಗಬೇಕು.

ಮನೆಗಳು ಉಳಿಸಿದ ಬೊಕ್ಕಸ

ಹನ್ನೆರಡನೆಯ ಶತಮಾನದಲ್ಲಿ ಬಿಜ್ಜಳನ ಆಳಿಕೆಯ ಕೊನೆಗೆ ಕಲ್ಯಾಣದಲ್ಲಿ ಉಂಟಾದ ವಿಪ್ಲವದಿಂದ ಶರಣರು ದಿಕ್ಕಿಗೊಬ್ಬರಾಗಿ ಚದುರಿದರು. ಅವರೊಡನೆ ವಚನಗಳೂ ಚದುರಿದವು. ಹದಿನೈದನೆಯ ಶತಮಾನದ ಹೊತ್ತಿಗೆ ವಿರಕ್ತರೂ ವಿದ್ವಾಂಸರೂ ಅವನ್ನು ಸಂಗ್ರಹಿಸಿ ಶೂನ್ಯಸಂಪಾದನೆಯಂಥ ಮಹಾಗ್ರಂಥಗಳನ್ನು ಕಟ್ಟಿದರು. ಚಾಮರಸನ ಪ್ರಭುಲಿಂಗಲೀಲೆ, ಭೀಮಕವಿಯು 1369ರಲ್ಲಿ ಮುಗಿಸಿದ ಬಸವಪುರಾಣ, ವಿರೂಪಾಕ್ಷಪಂಡಿತನು 1584ರಲ್ಲಿ ರಚಿಸಿದ ಚನ್ನಬಸವಪುರಾಣ ಇವು ಷಟ್ಪದಿಯಲ್ಲಿ ಹೊರಟು ಮನೆಮನೆಯ ಓದಿಗೆ ಅನುಕೂಲವಾದವು. ಬಸವಪುರಾಣವೂ ಪ್ರಭುಲಿಂಗಲೀಲೆಯೂ ಭಾಮಿನಿಯಲ್ಲಿರುವವು. ಮೂರು ಮಾತ್ರೆ, ನಾಲ್ಕು ಮಾತ್ರೆಗಳಾಗಿ ನಡೆಯುವ ಆ ಧಾಟಿಯು ಅರ್ಥ ತಿಳಿಯದ ಮಗುವಿನ ಕಾಲಬೆರಳನ್ನೂ ತಾಳಕ್ಕೆ ಅಲುಗಿಸುವದು. ಅರ್ಥಕ್ಕಿಂತ ಮುಂಚೆ ನಾದವು ಒಳಗೆ ಹೋಗುವದು. ನಾದವು ಬಿತ್ತಿದ ನೆಲದಲ್ಲಿ ಅರ್ಥವು ಮುಂದೆ ಮೊಳೆಯುವದು.

ಶ್ರಾವಣಮಾಸದಲ್ಲಿ ಪುರಾಣ ಹಚ್ಚುವ ಪದ್ಧತಿಯು ಉತ್ತರದ ಸೀಮೆಯಲ್ಲಿ ಬಹಳ ಬಳಕೆಯದು. ಒಬ್ಬರು ಪದ್ಯವನ್ನು ರಾಗವಾಗಿ ಓದುವರು, ಇನ್ನೊಬ್ಬರು ಅದರ ಅರ್ಥವನ್ನು ನಾಡಮಾತಿನಲ್ಲಿ ಬಿಡಿಸಿ ಹೇಳುವರು. ಮಂಗಲದ ದಿನ ಊರೇ ಕೂಡಿ ಪ್ರಸಾದವಾಗುವದು. ಮಠದಲ್ಲಿಯೋ ಗುಡಿಯಲ್ಲಿಯೋ ಕೇಳಿದುದನ್ನು ಮನೆಯಲ್ಲಿ ಆಯಿಯು ಮೊಮ್ಮಕ್ಕಳಿಗೆ ತಿರುಗಿ ಹೇಳುವಳು. ಅಕ್ಷರವನ್ನು ಅರಿಯದ ಮುದುಕಿಯು ಪುರಾಣದ ಕಥೆಯನ್ನೆಲ್ಲ ನೆನಪಿನಿಂದ ಹೇಳಬಲ್ಲಳೆಂದರೆ ಆಕೆಯನ್ನು ಅನಕ್ಷರಳೆನ್ನುವದು ಹೇಗೆ? ಬೀಸುವ ಕಲ್ಲಿನ ಮುಂದೆ, ಒಲೆಯ ಮುಂದೆ ಆಕೆಯು ನಡೆಸಿದ ಪಾಠಶಾಲೆಗೆ ಹಾಜರಿಯ ಪುಸ್ತಕವಿರಲಿಲ್ಲ, ಅಷ್ಟೇ.

ಆದರೆ ಇಲ್ಲಿ ನಮ್ಮ ಮನೆಗಳ ಒಂದು ದೋಷವನ್ನೂ ಮುಚ್ಚದೆ ಹೇಳಬೇಕಾಗಿರುವದು. ಕಾಲಕ್ರಮದಲ್ಲಿ ಅನೇಕ ಮನೆಗಳಲ್ಲಿ ಓದು ನಿಂತು ಪೂಜೆಯು ಮಾತ್ರ ಉಳಿಯಿತು. ವಚನದ ತಾಳೆಯೋಲೆಯ ಕಟ್ಟುಗಳನ್ನು ಬಟ್ಟೆಯಲ್ಲಿ ಸುತ್ತಿ ದೇವರ ಜಗುಲಿಯ ಮೇಲೆ ಇಟ್ಟು, ವಿಭೂತಿ ಹಚ್ಚಿ, ಹೂವೇರಿಸಿ, ಕೈಮುಗಿದರು, ಬಿಚ್ಚಲಿಲ್ಲ. ಬಿಚ್ಚಿದರೆ ಓದಬಲ್ಲವರೂ ಮನೆಯಲ್ಲಿರಲಿಲ್ಲ. ಒರಲೆಹುಳಕ್ಕೆ ಭಕ್ತಿಯ ಭೇದವಿಲ್ಲ. ಅದು ಪೂಜಿಸಿದ ಗ್ರಂಥವನ್ನೂ ತಿಂದಿತು.

ಈ ದುಃಸ್ಥಿತಿಯಿಂದ ವಚನವಾಙ್ಮಯವನ್ನು ಮೇಲೆತ್ತಿದ ಮಹನೀಯರು ವಿಜಯಪುರದ ಫ. ಗು. ಹಳಕಟ್ಟಿಯವರು. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ, ವಿಜಯಪುರದಲ್ಲಿ ವಕೀಲಿ ಮಾಡುತ್ತಿದ್ದ ಇವರು ರಬಕವಿ ಬನಹಟ್ಟಿಯ ಕಡೆಗೆ ಹೋದಾಗ ಒಂದು ಮನೆಯಲ್ಲಿ ತಾಳೆಯೋಲೆಯ ವಚನಗ್ರಂಥಗಳನ್ನು ಕಂಡರು. ಅಂದಿನಿಂದ ಊರೂರಿಗೆ ತಿರುಗಿ, ಮನೆಮನೆಯ ಜಗುಲಿಯ ಮೇಲಿನ ಕಟ್ಟುಗಳನ್ನು ಬೇಡಿ ತಂದು, ಓದಿ, ನಕಲು ಮಾಡಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವನ್ನು ಪ್ರಕಟಿಸಿದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಹೊರಡಿಸಿದರು. ಇದಕ್ಕಾಗಿ ಸ್ವಂತ ಮನೆಯನ್ನೇ ಮಾರಿ ಮುದ್ರಣಾಲಯವನ್ನು ನಡೆಸಿದರು. ವಚನಗಳು ಮನೆಗಳಲ್ಲಿ ಉಳಿದಿದ್ದವು. ಅವುಗಳನ್ನು ಹೊರಗೆ ತರುವದಕ್ಕೆ ಇವರು ತಮ್ಮ ಮನೆಯನ್ನೇ ಕಳೆದುಕೊಂಡರು. ಇವರು 1964ರಲ್ಲಿ ಲಿಂಗೈಕ್ಯರಾದರು. ಮುಂದೆ 1993ರಲ್ಲಿ ಕರ್ನಾಟಕ ಸರಕಾರವು ಸಮಗ್ರ ವಚನಸಂಪುಟಗಳನ್ನು 15 ಸಂಪುಟಗಳಲ್ಲಿ ಹೊರತಂದಾಗ ಸುಮಾರು 20,000 ವಚನಗಳು ಜನರ ಕೈಗೆ ಬಂದವು. ಈಗ ಗ್ರಂಥವಿಲ್ಲವೆಂದು ಹೇಳುವ ಹಾಗಿಲ್ಲ. ಬಿಚ್ಚುವ ಕೈ ಬೇಕು, ಅಷ್ಟೇ.

ನಿಜಾಮನ ಆಳಿಕೆಯಲ್ಲಿ ಬೀದರ ಸೀಮೆಯು

ವಿಜಯಪುರವು ಮುಂಬಯಿ ಇಲಾಖೆಯಲ್ಲಿದ್ದಿತು. ಅಲ್ಲಿ ಕನ್ನಡ ಶಾಲೆಗಳಿದ್ದವು. ನಮ್ಮ ಬೀದರ ಸೀಮೆಯ ಗತಿಯು ಬೇರೆಯೇ ಆಗಿತ್ತು. ಹೈದರಾಬಾದ ಸಂಸ್ಥಾನದಲ್ಲಿ 1884ರಲ್ಲಿ ಪಾರಸಿಯ ಬದಲು ಉರ್ದುವು ದರಬಾರಿನ ಭಾಷೆಯಾಯಿತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಉಚ್ಚ ಶಿಕ್ಷಣವೂ ಉರ್ದುವಿನಲ್ಲಿಯೇ ನಡೆಯಿತು. ಉರ್ದುವು ಸಂಪನ್ನವಾದ ಭಾಷೆ. ಅದನ್ನು ಕಲಿತುದರಿಂದ ನಮ್ಮ ಹಿರಿಯರಿಗೆ ಹಾನಿಯಾಗಲಿಲ್ಲ. ಆದರೆ ಕಚೇರಿಯಲ್ಲಿ, ಶಾಲೆಯ ಮೇಲಿನ ತರಗತಿಗಳಲ್ಲಿ ತಾಯಿನುಡಿಗೆ ಎಡೆಯೇ ಇಲ್ಲದೆ ಹೋದದ್ದು ದೊಡ್ಡ ಹಾನಿಯು. ಖಾಸಗಿಯಾಗಿ ಶಾಲೆ ತೆರೆಯಬೇಕಾದರೆ ಸರಕಾರದ ಅಪ್ಪಣೆಯು ಬೇಕಾಗುತ್ತಿತ್ತು. ಹುಡುಗನು ಶಾಲೆಯಲ್ಲಿ ಉರ್ದುವನ್ನು ಬರೆದು, ಪೇಟೆಯಲ್ಲಿ ಮರಾಠಿಯನ್ನು ಆಡಿ, ಮನೆಗೆ ಬಂದ ಮೇಲೆ ಮಾತ್ರ ಕನ್ನಡವನ್ನು ಕೇಳುವಂತಾಯಿತು. ಹೀಗಿರಲು ಆ ಮನೆಯಲ್ಲಿಯೂ ಕನ್ನಡದ ಓದು ಇಲ್ಲದಿದ್ದರೆ ಬಸವಣ್ಣನವರು ಬಾಳಿದ ನೆಲದಲ್ಲಿಯೇ ಅವರ ಮಾತು ಪರಭಾಷೆಯಾಗುವ ಪ್ರಸಂಗವು ಬಂದಿದ್ದಿತು.

ಈ ಸಂಕಟಕಾಲದಲ್ಲಿ ನಿಂತವರು ಭಾಲ್ಕಿ ಹಿರೇಮಠದ ಪೂಜ್ಯ ಶ್ರೀ ಚನ್ನಬಸವ ಪಟ್ಟದೇವರು. ಕಮಲನಗರದಲ್ಲಿ ಹುಟ್ಟಿದ ಈ ಮಹಾತ್ಮರು ಶಾಲೆಯ ಹೊರಗೆ ಉರ್ದು ಫಲಕವನ್ನು ತೂಗಹಾಕಿ, ಒಳಗೆ ಮಕ್ಕಳಿಗೆ ಕನ್ನಡವನ್ನು ಕಲಿಸಿದರೆಂಬ ಸಂಗತಿಯು ನಮ್ಮ ಸೀಮೆಯ ಪ್ರತಿಯೊಂದು ಊರಿನಲ್ಲಿಯೂ ಹೇಳಲ್ಪಡುವದು. ಮಠಾಧಿಪತಿಗಳು ಅಧಿಕಾರಿಗಳ ಕಣ್ಣುತಪ್ಪಿಸಿ ಅಆಇಈ ಕಲಿಸಬೇಕಾಗಿ ಬಂದಿತೆಂದರೆ ಆ ಕಾಲದ ಸ್ಥಿತಿಯು ಎಂಥದಿದ್ದೀತೆಂಬುದನ್ನು ಇಂದಿನ ಮಕ್ಕಳು ಊಹಿಸುವದು ಕಠಿಣವು. ಪಟ್ಟದೇವರು ಕನ್ನಡವನ್ನು ಕಲಿಸಿದ್ದು ಕೇವಲ ಭಾಷಾಭಿಮಾನಕ್ಕಾಗಿಯಲ್ಲ. ಅಕ್ಷರವಿಲ್ಲದೆ ವಚನವಿಲ್ಲ, ವಚನವಿಲ್ಲದೆ ಶರಣಧರ್ಮದ ಅರಿವಿಲ್ಲ ಎಂಬುದನ್ನು ಅವರು ಕಂಡುಕೊಂಡಿದ್ದರು. ಕಲ್ಯಾಣದಲ್ಲಿ ಅನುಭವಮಂಟಪವನ್ನು ಎತ್ತಿಸಿದ ಕಾರ್ಯದಲ್ಲಿಯೂ ಅವರದೇ ಮುಖ್ಯ ಹಸ್ತವು. ತುಂಬು ಶತಮಾನವನ್ನು ದಾಟಿ ಬಾಳಿದ ಅವರು 1999ರಲ್ಲಿ ಲಿಂಗೈಕ್ಯರಾದರು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಫಲಕದ ಒಳಗಡೆ ಕಲಿತ ಅಕ್ಷರವು ಫಲಕದ ಒಳಗಡೆಯೇ ಉಳಿದಿದ್ದರೆ ಅದರಿಂದ ಆಗುವದೇನು? ಕಲಿತ ಹುಡುಗನು ಅದನ್ನು ಮನೆಗೆ ಒಯ್ಯಬೇಕಾಗಿತ್ತು. ತಾಯಿಗೆ ಕಥೆಯು ಗೊತ್ತು, ಅಕ್ಷರವು ಗೊತ್ತಿಲ್ಲ. ಮಗನಿಗೆ ಅಕ್ಷರವು ಗೊತ್ತು, ಕಥೆಯು ಗೊತ್ತಿಲ್ಲ. ಇಬ್ಬರೂ ಒಂದು ದೀಪದ ಮುಂದೆ ಕುಳಿತಾಗ ಮಾತ್ರ ಗ್ರಂಥವು ಬಾಯಿ ಬಿಡುವದು. ಹೀಗೆ ಮಗನು ಓದುಗನೂ ತಾಯಿಯು ಅರ್ಥ ಹೇಳುವವಳೂ ಆಗಿ, ಮಠದ ಪುರಾಣದ ಪದ್ಧತಿಯೇ ಮನೆಯಲ್ಲಿ ಸಣ್ಣದಾಗಿ ನಡೆಯಬಲ್ಲದು. ಅಕ್ಷರಸ್ಥರು ವಿರಳವಾಗಿದ್ದ ನಮ್ಮಂಥ ಸೀಮೆಯಲ್ಲಿ ಕಿರಿಯನು ಹಿರಿಯರಿಗೆ ಓದಿ ಹೇಳುವ ಈ ಕ್ರಮದಿಂದ ಮಗುವಿಗೆ ಬರುವ ಗೌರವವು ಅಲ್ಪವಾದುದಲ್ಲ. ತನ್ನಿಂದ ಮನೆಗೆ ಏನೋ ಸಲ್ಲುತ್ತಿರುವದೆಂಬ ಭಾವನೆಯೇ ಮಗುವಿನ ಶಕ್ತಿಗೆ ಮೊದಲನೆಯ ನೀರು.

ಜಯದೇವಿತಾಯಿಯವರ ದೃಷ್ಟಾಂತವು

ಶಾಲೆಯು ಕೊಡದಿದ್ದುದನ್ನು ಮನೆಯೂ ಮನಸ್ಸೂ ಕೂಡಿ ಪಡೆದುಕೊಳ್ಳಬಲ್ಲವೆಂಬುದಕ್ಕೆ ಶ್ರೀಮತಿ ಜಯದೇವಿತಾಯಿ ಲಿಗಾಡೆಯವರಿಗಿಂತ ಹೆಚ್ಚಿನ ದೃಷ್ಟಾಂತವು ಬೇಕಿಲ್ಲ. ಇವರು 1912ರಲ್ಲಿ ಸೊಲ್ಲಾಪುರದ ಶರಣ ಮನೆತನದಲ್ಲಿ ಹುಟ್ಟಿದರು. ಸೊಲ್ಲಾಪುರವೆಂದರೆ ಸಿದ್ಧರಾಮನ ಸೊನ್ನಲಿಗೆಯೇ. ಅವರು ಶಾಲೆಯಲ್ಲಿ ಕಲಿತದ್ದು ಮರಾಠಿಯು. ಎಳೆಯ ವಯಸ್ಸಿನಲ್ಲಿಯೇ ಲಗ್ನವಾಯಿತು. ಇಂಥವರು ತಾವಾಗಿ ಕನ್ನಡವನ್ನು ಕಲಿತು, ವಚನಗಳನ್ನು ಅಭ್ಯಾಸ ಮಾಡಿ, ಅವನ್ನು ಮರಾಠಿಯವರಿಗೂ ತಿಳಿಯುವಂತೆ ಅನುವಾದಿಸಿದರು; ಸಿದ್ಧರಾಮನ ಪುರಾಣವನ್ನು ತ್ರಿಪದಿಯಲ್ಲಿ ಹಾಡಿದರು. ತ್ರಿಪದಿಯು ಬೀಸುವ ಕಲ್ಲಿನ ಮುಂದಿನ ಹೆಂಗಸರ ಛಂದಸ್ಸು. ಪಂಡಿತರ ಛಂದಸ್ಸನ್ನು ಬಿಟ್ಟು ಅದನ್ನೇ ಆರಿಸಿಕೊಂಡದ್ದರಲ್ಲಿ ಅವರ ಅಂಕಿತವಿರುವದು. 1974ರಲ್ಲಿ ಮಂಡ್ಯದಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಆ ಪೀಠವನ್ನು ಏರಿದ ಮೊದಲನೆಯ ಮಹಿಳೆ ಅವರೇ. ಕನ್ನಡ ಶಾಲೆಯ ಭಾಗ್ಯವಿಲ್ಲದ ಗಡಿನಾಡಿನ ಹೆಣ್ಣುಮಗಳು ಕನ್ನಡ ನಾಡಿನ ಸಾಹಿತ್ಯಪೀಠಕ್ಕೆ ಒಡತಿಯಾದುದು ಸಾಮಾನ್ಯ ಸಂಗತಿಯೆ?

ದನ ಕಾಯಲು ಹೋದ ಮಂದ ಬಾಲಕನ ಕಥೆಯನ್ನು ಎಂಟು ಶತಮಾನಗಳ ತರುವಾಯ ಅವನ ಊರಿನದೇ ಒಬ್ಬ ಮಗಳು ಹಾಡಿದಳು. ಮನೆಯ ಓದಿನ ಸರಪಳಿಯು ಎಷ್ಟು ಉದ್ದವೆಂಬುದನ್ನು ಇದರಿಂದ ತಿಳಿಯಬಹುದು.

ನೆರೆಯವರ ಪದ್ಧತಿಗಳು

ಈ ವಿಷಯದಲ್ಲಿ ನಮ್ಮ ನೆರೆಯವರಿಂದಲೂ ಕಲಿಯತಕ್ಕದ್ದುಂಟು. ಊದಗೀರದ ಕಡೆಯ ಮರಾಠಿ ಮಾತಾಡುವ ಲಿಂಗಾಯತರು ಮನ್ಮಥಸ್ವಾಮಿಗಳ ಪರಮರಹಸ್ಯವನ್ನು ಭಕ್ತಿಯಿಂದ ಪಾರಾಯಣ ಮಾಡುವರು. ಅವರ ನೆರೆಮನೆಯ ವಾರಕರಿಗಳು ಜ್ಞಾನೇಶ್ವರಿಯನ್ನು ಓದುವರು. ಮುಸಲ್ಮಾನರ ಮನೆಗಳಲ್ಲಿ ಮಗುವಿಗೆ ನಾಲ್ಕು ವರ್ಷ, ನಾಲ್ಕು ತಿಂಗಳು, ನಾಲ್ಕು ದಿನ ತುಂಬಿದಾಗ ಬಿಸ್ಮಿಲ್ಲಾ ಎಂಬ ಸಂಸ್ಕಾರವನ್ನು ಮಾಡಿ ಓದಿಗೆ ಕೂಡಿಸುವ ಹಳೆಯ ವಾಡಿಕೆಯುಂಟು. ದೂರದ ಯೆಹೂದಿಗಳಲ್ಲಿ ಪಾಸ್ಕಾ ಹಬ್ಬದ ರಾತ್ರಿ ಊಟದ ಪಂಕ್ತಿಯಲ್ಲಿ ಎಲ್ಲರಿಗಿಂತ ಕಿರಿಯ ಮಗುವೇ ಮೊದಲು ಪ್ರಶ್ನೆ ಕೇಳಬೇಕು: ಈ ರಾತ್ರಿಯು ಉಳಿದ ರಾತ್ರಿಗಳಿಗಿಂತ ಏಕೆ ಬೇರೆ ಎಂದು. ಅದಕ್ಕೆ ಉತ್ತರವಾಗಿಯೇ ಹಿರಿಯರು ತಮ್ಮ ಪೂರ್ವಿಕರ ಬಿಡುಗಡೆಯ ಕಥೆಯನ್ನು ಓದಿ ಹೇಳುವರು. ದೇಶವನ್ನು ಕಳೆದುಕೊಂಡು ಭೂಮಂಡಲದಲ್ಲೆಲ್ಲ ಚದುರಿದ ಆ ಜನರು ತಮ್ಮ ಧರ್ಮವನ್ನು ಉಳಿಸಿಕೊಂಡದ್ದು ಹೀಗೆ ಮಗುವಿನ ಪ್ರಶ್ನೆಯ ಬಲದಿಂದ. ನಮ್ಮ ಅನುಭವಮಂಟಪವೂ ಪ್ರಶ್ನೋತ್ತರಗಳ ಸಭೆಯೇ ಅಲ್ಲವೆ? ಪ್ರಭುದೇವರು ಕೇಳಿದ ಪ್ರಶ್ನೆಗಳನ್ನು ತೆಗೆದುಹಾಕಿದರೆ ಶೂನ್ಯಸಂಪಾದನೆಯಲ್ಲಿ ಉಳಿಯುವದೇನು? ಹೀಗಿದ್ದೂ ಮನೆಯಲ್ಲಿ ಮಗುವು ಪ್ರಶ್ನೆ ಕೇಳಿದರೆ 'ದೊಡ್ಡವರ ಮುಂದ ಮಾತಾಡಬ್ಯಾಡ' ಎಂದು ಗದರಿಸುವವರು ನಮ್ಮಲ್ಲಿ ಕಡಿಮೆಯಿಲ್ಲ.

ಮನೆಯ ಓದಿನ ದೋಷಗಳು

ಮನೆಯ ಓದೆಂಬ ಮಾತ್ರಕ್ಕೆ ಎಲ್ಲವೂ ಒಳ್ಳೆಯದಾಗುವದೆಂದು ಭಾವಿಸಕೂಡದು. ದಂಡನೆಯಿಂದ ಓದಿಸಿದ ವಚನವು ಮಗುವಿನ ಮನಸ್ಸಿನಲ್ಲಿ ದಂಡನೆಯಾಗಿಯೇ ಉಳಿಯುವದು. ಬೀಗರು ಬಂದಾಗ ಮಗುವನ್ನು ಎದುರಿಗೆ ನಿಲ್ಲಿಸಿ, ವಚನವನ್ನು ಒಪ್ಪಿಸೆಂದು ಹೇಳಿ, ತಪ್ಪಿದರೆ ನಗುವದರಿಂದ ಶ್ರದ್ಧೆಯು ಬೆಳೆಯದು, ನಾಚಿಕೆಯು ಬೆಳೆಯುವದು. ಒಂದೇ ಮನೆಯ ಇಬ್ಬರು ಮಕ್ಕಳಲ್ಲಿ ಒಬ್ಬನು ಹತ್ತು ವಚನಗಳನ್ನು ಗಟ್ಟಿ ಮಾಡಿದನೆಂದು ಹೊಗಳಿ, ಮಾತು ತೊದಲುವ ಇನ್ನೊಬ್ಬನನ್ನು ಹಳಿಯುವದು ಎಲ್ಲಕ್ಕಿಂತ ದೊಡ್ಡ ತಪ್ಪು. ಸಿದ್ಧರಾಮನ ಮನೆಯವರು ಮಾಡಿದ ತಪ್ಪು ಇದೇ. ತೊದಲುವವನು ನಾಳೆ ಕೆರೆ ಕಟ್ಟುವವನಾಗಿದ್ದರೆ?

ಹೆಣ್ಣುಮಕ್ಕಳ ವಿಷಯದಲ್ಲಿ ನಾವು ಮಾಡಿದ ಅನ್ಯಾಯವು ಇನ್ನೂ ಹೆಚ್ಚಿನದು. ಉಪನಯನದ ಸಂಸ್ಕಾರವು ಅಕ್ಕನಿಗಿಲ್ಲವೆಂದಾದರೆ ತನಗೂ ಬೇಡವೆಂದು ಬಾಲಕ ಬಸವಣ್ಣನವರು ಮನೆಬಿಟ್ಟು ಹೊರಟರೆಂಬ ಹೇಳಿಕೆಯನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುವೆವು. ಅದನ್ನು ಹೇಳಿ ಮುಗಿಸಿ, ಮಗನ ಕೈಗೆ ಪುಸ್ತಕವನ್ನೂ ಮಗಳ ಕೈಗೆ ಕಸಬರಿಗೆಯನ್ನೂ ಕೊಟ್ಟೆವು. ಬಹುಕಾಲ ನಮ್ಮ ಮನೆಗಳಲ್ಲಿ ಹುಡುಗಿಯರು ವಚನವನ್ನು ಕೇಳಿದ್ದು ಬಾಗಿಲ ಮರೆಯಿಂದ. ಅಕ್ಕಮಹಾದೇವಿಯ ಹೆಸರನ್ನು ಇಟ್ಟುಕೊಂಡ ಹುಡುಗಿಗೆ ಅಕ್ಕನ ವಚನವನ್ನು ಓದುವ ಅಕ್ಷರವೇ ಇರಲಿಲ್ಲವೆಂಬುದು ನಾಚಿಕೆಗೇಡಿನ ಮಾತು. ಈ ಋಣವನ್ನು ಇನ್ನೂ ನಾವು ಪೂರ್ತಿಯಾಗಿ ತೀರಿಸಿಲ್ಲ.

ಇಂದಿನ ಸ್ಥಿತಿಯು ಮತ್ತು ನಮ್ಮ ಕರ್ತವ್ಯವು

1948ರ ಸಪ್ಟಂಬರದಲ್ಲಿ ಹೈದರಾಬಾದ ಸಂಸ್ಥಾನವು ಭಾರತದಲ್ಲಿ ಸೇರಿತು. 1956ರ ನವಂಬರ 1ರಂದು ಬೀದರ, ಭಾಲ್ಕಿ, ಔರಾದ, ಹುಮನಾಬಾದಗಳು ಕನ್ನಡ ರಾಜ್ಯಕ್ಕೆ ಬಂದವು. ಊದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯಕ್ಕೆ ಹೋದವು. ಊರೂರಿಗೆ ಕನ್ನಡ ಶಾಲೆಗಳಾದವು. ಹೊರಗೆ ಒಂದು ಫಲಕ, ಒಳಗೆ ಒಂದು ಪಾಠ ಎಂಬ ಗೋಪ್ಯಕ್ಕೆ ಕಾರಣವೇ ಉಳಿಯಲಿಲ್ಲ. ಪಟ್ಟದೇವರ ತಪಸ್ಸು ಫಲಿಸಿತು.

ಆದರೆ ಕಾಲದ ಆಟವನ್ನು ನೋಡಿರಿ! ಇಂದು ಯಾವ ಅಧಿಕಾರಿಯೂ ಬೇಡವೆನ್ನದಿರುವಾಗ ನಾವೇ ಬೇಡವೆನ್ನುತ್ತಿರುವೆವು. ಇಂಗ್ಲಿಷ ಮಾಧ್ಯಮದ ಶಾಲೆಗೆ ಹೋಗುವ ನಮ್ಮ ಮಕ್ಕಳಲ್ಲಿ ಎಷ್ಟೋ ಜನರು ಕನ್ನಡವನ್ನು ಆಡಬಲ್ಲರು, ತಡೆಯಿಲ್ಲದೆ ಓದಲಾರರು. ಹೊರಗೆ ಕನ್ನಡದ ಫಲಕವಿದ್ದು ಮನೆಯ ಒಳಗೆ ಕನ್ನಡವಿಲ್ಲದಂತಾದರೆ ಅದು ಪಟ್ಟದೇವರ ಕಥೆಯನ್ನು ತಲೆಕೆಳಗು ಮಾಡಿದಂತೆ ಆಗುವದಲ್ಲವೆ? ಇಂಗ್ಲಿಷವನ್ನು ಕಲಿಯಬಾರದೆಂದು ನಾವು ಹೇಳುವದಿಲ್ಲ. ನಮ್ಮ ಹಿರಿಯರು ಉರ್ದುವನ್ನು ಕಲಿತೇ ಕನ್ನಡವನ್ನು ಉಳಿಸಿದರು. ಶಾಲೆಯು ಯಾವ ಭಾಷೆಯದಾದರೂ ಆಗಲಿ, ಮನೆಯ ದೀಪದ ಭಾಷೆಯು ಆರಬಾರದು. ಮೊದಲು ಜಗುಲಿಯ ಮೇಲೆ ಬಿಚ್ಚದ ತಾಳೆಯೋಲೆಯ ಕಟ್ಟುಗಳಿದ್ದವು. ಈಗ ಕಪಾಟಿನ ಗಾಜಿನ ಹಿಂದೆ ಬಿಚ್ಚದ ವಚನಸಂಪುಟಗಳಿರುವವು. ದಾರಿಗಳು ಬೇರೆ, ದೋಷವು ಒಂದೇ.

ಇದಕ್ಕೆ ದೊಡ್ಡ ಖರ್ಚಾಗಲಿ, ದೊಡ್ಡ ಪಾಂಡಿತ್ಯವಾಗಲಿ ಬೇಕಾಗಿಲ್ಲ. ದಿನಕ್ಕೆ ಒಂದು ವಚನ ಸಾಕು. ಓದಲು ಕಾಲು ತಾಸೂ ಹಿಡಿಯದು. ಊಟಕ್ಕೆ ಮುಂಚೆ ಮೊಬಾಯಿಲನ್ನು ಅತ್ತ ಸರಿಸಿ ಮನೆಯವರೆಲ್ಲರೂ ಒಂದೆಡೆ ಕೂಡಬೇಕು. ವಚನವನ್ನು ಆರಿಸುವ ಅಧಿಕಾರವನ್ನು ದಿನಕ್ಕೊಬ್ಬ ಮಗುವಿಗೆ ಕೊಡಬೇಕು. ಧ್ವನಿಯುಳ್ಳವನು ಹಾಡಲಿ, ಅಕ್ಷರ ಚೆನ್ನಾಗಿದ್ದವಳು ಅದನ್ನು ವಹಿಯಲ್ಲಿ ಬರೆಯಲಿ, ಚಿತ್ರ ತೆಗೆಯುವವನು ಅದರಲ್ಲಿ ಬಂದ ಮರವನ್ನೋ ಇರುವೆಯನ್ನೋ ಬಿಡಿಸಲಿ, ಮಾತು ಬಾರದವನು ದೀಪ ಹಚ್ಚಿ ಮಣೆಯ ಮೇಲೆ ಪುಸ್ತಕವನ್ನಿಡಲಿ, ಎಲ್ಲರಿಗಿಂತ ಕಿರಿಯದು ಪ್ರಶ್ನೆ ಕೇಳಲಿ. ಉತ್ತರ ತಿಳಿಯದಿದ್ದರೆ ತಿಳಿಯದೆಂದು ಅಪ್ಪನೂ ಅವ್ವನೂ ಒಪ್ಪಿಕೊಳ್ಳಲಿ. ಶನಿವಾರ ಮಠಕ್ಕೆ ಬಂದು ಕೇಳಿಕೊಂಡು ಹೋಗಲಿ. ಮನೆಗೂ ಮಠಕ್ಕೂ ಇರುವ ದಾರಿಯು ಹೀಗೆ ಪ್ರಶ್ನೆಯಿಂದ ಸವೆದರೆ ಅದರಂಥ ಶೋಭೆಯು ಮತ್ತೊಂದಿಲ್ಲ. ಆಮೇಲೆ ಹಿರಿಯರು ಮಾಡತಕ್ಕ ಮುಖ್ಯ ಕೆಲಸವೆಂದರೆ ಗಮನಿಸುವದು. ಯಾವ ಮಾತಿಗೆ ಯಾವ ಮಗುವಿನ ಕಣ್ಣು ಅರಳಿತು, ಯಾವುದು ಕಥೆಗೆ ಒಲಿಯಿತು, ಯಾವುದು ಲೆಕ್ಕಕ್ಕೆ, ಯಾವುದು ದುಃಖಿತರ ಸೇವೆಗೆ ಒಲಿಯಿತು ಎಂಬುದನ್ನು ಸುಮ್ಮನೆ ನೋಡುತ್ತಿರಬೇಕು. ಮಗುವಿನ ಅಂಕಿತವು ಹೊರಗೆ ಕಾಣುವದು ಇಂಥ ಗಳಿಗೆಯಲ್ಲಿ.

ಹುಟ್ಟಿದ ಕೂಸಿಗೆ ಲಿಂಗಧಾರಣೆಯನ್ನು ಮಾಡಿಸುವದು ನಮ್ಮ ಸಂಪ್ರದಾಯವು. ಒಬ್ಬೊಬ್ಬರ ಕೊರಳಿನಲ್ಲಿಯೂ ಒಂದೊಂದು ಲಿಂಗ; ಒಬ್ಬರ ಲಿಂಗವು ಇನ್ನೊಬ್ಬರ ಪೂಜೆಗೆ ಸಲ್ಲದು. ಮಾತು ಬಾರದ ಮಗುವೂ ತನ್ನ ದೇವರಿಗೆ ತಾನೇ ಪೂಜಾರಿ ಎಂದು ಹೇಳಿದ ಧರ್ಮವಿದು. ಆ ಮಗುವಿನ ಶಕ್ತಿಯನ್ನೂ ಅದರ ಇಷ್ಟಲಿಂಗದಂತೆಯೇ ಕಾಣುವದು, ಅದರ ಅಂಗೈಯಲ್ಲಿ ಅದನ್ನೇ ಬೆಳಗಿಸುವದು ತಂದೆತಾಯಿಗಳ ಕಾಯಕವು. ಮಠದ ಈ ಮಹೋತ್ಸವದಲ್ಲಿ ಕಾಣಿಕೆಯನ್ನು ಸಲ್ಲಿಸಿದ ಭಕ್ತರ ಹೆಸರುಗಳು ಕಲ್ಲಿನಲ್ಲಿ ಕೊರೆಯಲ್ಪಡುವವು, ಅದು ಯೋಗ್ಯವೇ. ಆದರೆ ಇಂದು ರಾತ್ರಿ ಹಲಬರ್ಗಾದ ಒಂದು ಮನೆಯಲ್ಲಿ ಒಂದು ವಚನಗ್ರಂಥದ ಕಟ್ಟು ಬಿಚ್ಚಿ, ಒಂದು ಮಗುವು ತಡವರಿಸುತ್ತ ನಾಲ್ಕು ಸಾಲು ಓದಿ, 'ಹಂಗಂದ್ರೇನ ಆಯಿ?' ಎಂದು ಕೇಳಿದರೆ ಅದಕ್ಕಿಂತ ದೊಡ್ಡ ಕಾಣಿಕೆಯನ್ನು ಶ್ರೀಗುರುವು ಅಪೇಕ್ಷಿಸಲಾರನು. ಅಂಥ ಪ್ರಶ್ನೆಗಳು ನಮ್ಮ ಸೀಮೆಯ ಮನೆಮನೆಯಲ್ಲಿಯೂ ಹುಟ್ಟಲಿ ಎಂದು ಬೇಡಿಕೊಂಡು ಈ ಅಲ್ಪಲೇಖನವನ್ನು ಶ್ರೀಗುರುಚರಣಗಳಲ್ಲಿ ಅರ್ಪಿಸುವೆನು.